ನಿಪ್ಪಾಣಿ ಸೀಮೆಯ ಗ್ರಾಮವ್ಯವಸ್ಥೆ ಮತ್ತು ಅರಾಜಕತಾವಾದದ ಪ್ರಶ್ನೆ

ಪ್ರಭುತ್ವವಿಲ್ಲದ ಸಮಾಜವು ಸ್ಥಿರವಾಗಿ ಬಾಳಬಲ್ಲುದೆ? ಅರಸನ ದಂಡವಿಲ್ಲದ ನಾಡಿನಲ್ಲಿ ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ಮಾತ್ಸ್ಯನ್ಯಾಯವೇ ನಡೆಯುವುದೆಂದು ನಮ್ಮ ಪ್ರಾಚೀನ ರಾಜನೀತಿಕಾರರು ಭಾವಿಸಿದರು. ಇದಕ್ಕೆ ವಿರುದ್ಧವಾಗಿ ರಷ್ಯದ ಕ್ರೊಪಾಟ್‌ಕಿನ್, ಪರಸ್ಪರ ಸಹಾಯವನ್ನು ಕುರಿತು 1902ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಜನರು ತಾವಾಗಿಯೇ ಕಟ್ಟಿಕೊಂಡ ಸಹಕಾರಕ್ಕೆ ಗ್ರಾಮಸಮುದಾಯಗಳನ್ನು ಸಾಕ್ಷಿಯಾಗಿ ಕರೆದನು. ಅರಾಜಕತಾವಾದವೆಂದರೆ ಗೊಂದಲವಲ್ಲ, ಬಲಾತ್ಕಾರದ ಬದಲು ಒಪ್ಪಿಗೆಯ ಮೇಲೆ ನಿಂತ ವ್ಯವಸ್ಥೆ. ಗ್ರಾಮವೇ ಅದರ ಸಾಕ್ಷಿಯಾದರೆ, ನಿಪ್ಪಾಣಿ-ಚಿಕ್ಕೋಡಿ ಸೀಮೆಯ ಗ್ರಾಮಗಳು ಏನು ಹೇಳುತ್ತವೆ ಎಂಬುದನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಈ ಸೀಮೆಗೆ ಗಟ್ಟಿಯಾದ ಪ್ರಭುತ್ವವಿರಲಿಲ್ಲ. ಪೇಶ್ವೆಯ ಪಕ್ಷದ ನಿಪ್ಪಾಣಿಯ ಸಿದ್ಧೋಜಿರಾವ ನಿಂಬಾಳಕರನಿಗೂ ಕೊಲ್ಲಾಪುರದ ಅರಸರಿಗೂ ದೀರ್ಘಕಾಲ ಹೋರಾಟ ನಡೆಯಿತು. 1812ರ ಒಪ್ಪಂದದಲ್ಲಿ ಕೊಲ್ಲಾಪುರವು ಚಿಕ್ಕೋಡಿ, ಮುನವಳ್ಳಿಗಳ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಿತು. ಒಡೆಯರು ಬದಲಾದರೂ ಗ್ರಾಮವ್ಯವಸ್ಥೆ ಉಳಿಯಿತು. ಗೌಡ, ಕುಲಕರ್ಣಿ, ಆಯಗಾರರು ತಮ್ಮ ತಮ್ಮ ವತನದ ಕೆಲಸ ಮಾಡಿ ಸುಗ್ಗಿಯಲ್ಲಿ ಕಾಳಿನ ಪಾಲು ಪಡೆದರು. ವ್ಯಾಜ್ಯಗಳನ್ನು ಊರಿನ ಗೋತಸಭೆ ತೀರ್ಮಾನಿಸಿತು. ಪೇಶ್ವೆಯಿಂದ ಗೆದ್ದ ಪ್ರಾಂತಗಳ ಬಗ್ಗೆ 1819ರಲ್ಲಿ ವರದಿ ಬರೆದ ಎಲ್ಫಿನ್‌ಸ್ಟನ್, ಒಂದು ರಾಜ್ಯಕ್ಕೆ ಬೇಕಾದ ಅಂಗಗಳೆಲ್ಲ ಗ್ರಾಮದಲ್ಲಿಯೇ ಇವೆಯೆಂದು ಕಂಡನು. 1830ರಲ್ಲಿ ಮೆಟ್ಕಾಫ್ ಗ್ರಾಮಗಳನ್ನು ಚಿಕ್ಕ ಗಣರಾಜ್ಯಗಳೆಂದು ಬಣ್ಣಿಸಿದನು.

ಆದರೆ ಈ ಸ್ಥಿರತೆಯ ಮೂಲವಾವುದು? ಊರಿನ ಗಡಿಯ ವಿವಾದದಲ್ಲಿ ಮಹಾರನ ಸಾಕ್ಷ್ಯಕ್ಕೆ ಮಹತ್ತ್ವವಿತ್ತು. ಮಹಜರುಗಳಲ್ಲಿ ಅವನ ಗುರುತೂ ಬೀಳುತ್ತಿತ್ತು. ಹಾಗೆಂದು ಅವನು ಒಪ್ಪಂದದ ಸ್ವತಂತ್ರ ಪಕ್ಷಗಾರನಾಗಿರಲಿಲ್ಲ. ಕರೆದಾಗ ಬರುವುದು, ಓಲೆ ಒಯ್ಯುವುದು, ಸತ್ತ ದನ ಸಾಗಿಸುವುದು ಅವನಿಗೆ ಹುಟ್ಟಿನಿಂದ ಬಂದ ಕರ್ತವ್ಯಗಳು. ಅವನ್ನು ನಿರಾಕರಿಸಿದವನಿಗೆ ಊರಿನ ಬಹಿಷ್ಕಾರವೇ ದಂಡ. ಪ್ರಭುತ್ವ ದೂರವಿದ್ದುದು ನಿಜ, ಬಲಾತ್ಕಾರ ದೂರವಿರಲಿಲ್ಲ.

ಬೆಳಗಾವಿ ಜಿಲ್ಲೆಯಲ್ಲಿಯೇ ಈ ಪ್ರಶ್ನೆಯ ಎರಡು ಮುಖಗಳು ನಾಲ್ಕು ತಿಂಗಳ ಅಂತರದಲ್ಲಿ ಬಂದು ನಿಂತವು. 1924ರ ಡಿಸೆಂಬರದಲ್ಲಿ ಗಾಂಧೀಜಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು. 1925ರ ಏಪ್ರಿಲದಲ್ಲಿ ಡಾ. ಅಂಬೇಡಕರರು ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತ ವರ್ಗಗಳ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. ಗಾಂಧೀಜಿ 1931ರಲ್ಲಿ, ಪ್ರತಿಯೊಬ್ಬನೂ ತನ್ನನ್ನು ತಾನೇ ಆಳಿಕೊಳ್ಳುವ ಪ್ರಬುದ್ಧ ಅರಾಜಕತೆಯನ್ನು ಆದರ್ಶವಾಗಿ ಮುಂದಿಟ್ಟರು. ಅವರು ಬಯಸಿದ ಗ್ರಾಮದಲ್ಲಿ ಅಸ್ಪೃಶ್ಯತೆಗೆ ಎಡೆಯಿರಲಿಲ್ಲವೆಂಬುದನ್ನು ನಾವು ಮರೆಯಲಾಗದು. ಆದರೆ ಇದ್ದ ಗ್ರಾಮವನ್ನು ಕಂಡಿದ್ದ ಅಂಬೇಡಕರರು, 1928ರಲ್ಲಿ ವತನದಾರ ಮಹಾರರ ಬಿಡುಗಡೆಗಾಗಿ ಮುಂಬಯಿ ಶಾಸನಸಭೆಯಲ್ಲಿ ಮಸೂದೆಯನ್ನು ಮಂಡಿಸಿದರು. ಗ್ರಾಮದ ಬಂಧನವನ್ನು ಸಡಿಲಿಸಲು ಅವರು ಕರೆದುದು ಪ್ರಭುತ್ವದ ಕಾನೂನನ್ನೇ. ಮೆಟ್ಕಾಫನ ಗ್ರಾಮಸ್ತುತಿಯನ್ನು ಅವರು 1948ರಲ್ಲಿ ಸಂವಿಧಾನ ಸಭೆಯಲ್ಲಿ ಕಟುವಾಗಿ ಖಂಡಿಸಿದರು. ಆದರೂ ಗ್ರಾಮ ಪಂಚಾಯತಿಗಳ ರಚನೆಯ ನಿರ್ದೇಶನವು ಸಂವಿಧಾನದ 40ನೆಯ ಅನುಚ್ಛೇದವಾಗಿ ಸೇರಿತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದುದು ಮೈಸೂರು ರಾಜ್ಯದ 1961ರ ಕಾಯಿದೆಯಿಂದ.

ಇದರಿಂದ ನಾವು ತಲುಪುವ ನಿರ್ಣಯವು ಸೀಮಿತವಾದುದು. ದೂರದ ಪ್ರಭುತ್ವ ಕುಸಿದರೂ ಸಮಾಜ ಕುಸಿಯಲೇಬೇಕೆಂದಿಲ್ಲ; ಈ ಅಂಶದಲ್ಲಿ ಕ್ರೊಪಾಟ್‌ಕಿನ್ನನ ಮಾತಿಗೆ ನಮ್ಮ ಸೀಮೆಯ ಇತಿಹಾಸ ಆಧಾರ ಕೊಡುತ್ತದೆ. ಆದರೆ ಆ ವ್ಯವಸ್ಥೆಯನ್ನು ಸ್ಥಿರಗೊಳಿಸಿದ ಹುಟ್ಟಿನ ಕಟ್ಟುಪಾಡೇ ಅದನ್ನು ಸ್ವತಂತ್ರವಾಗಲು ಬಿಡಲಿಲ್ಲ. ಆದುದರಿಂದ ಅರಾಜಕತಾವಾದಿಯನ್ನು, ನಿನ್ನ ಸಮಾಜ ಉಳಿಯುವುದೆ ಎಂದು ಕೇಳಿದರೆ ಸಾಲದು. ಅದರಲ್ಲಿ ಅತಿ ದುರ್ಬಲನಾದವನು ಒಲ್ಲೆನೆಂದರೆ ಅವನ ಗತಿಯೇನು ಎಂದೂ ಕೇಳಬೇಕು. ನಿಪ್ಪಾಣಿಯ ಪರಿಷತ್ತಿನಲ್ಲಿ ಕೂಡಿದವರ ಪ್ರಶ್ನೆಯೂ ಮೂಲತಃ ಅದೇ ಆಗಿದ್ದಿತು.