ಕನ್ನಿಂಗ್‌ಹ್ಯಾಂ ರಸ್ತೆಯ ಪಿಜ್ಜಾ

ಪಿಜ್ಜಾ ಹಟ್ ಭಾರತದಲ್ಲಿ ಮೊದಲು ಬಾಗಿಲು ತೆರೆದದ್ದು ನಮ್ಮ ಬೆಂಗಳೂರಿನಲ್ಲೇ. 1996ರ ಜೂನ್, ಕನ್ನಿಂಗ್‌ಹ್ಯಾಂ ರಸ್ತೆ. ಊರಿನ ಗಾಳಿ ಆಗ ಬಿಸಿಯಾಗಿತ್ತು. 1995ರಲ್ಲಿ ಬಂದ ಕೆಎಫ್‌ಸಿ ಮಳಿಗೆಗೆ ಮರುವರ್ಷದ ಜನವರಿಯಲ್ಲೇ ರೈತ ಸಂಘದವರು ನುಗ್ಗಿದ್ದರು. ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ತಕರಾರು ರುಚಿಯದ್ದಲ್ಲ. ಬೀಜದಿಂದ ಹಿಡಿದು ಊಟದವರೆಗೆ ಬಹುರಾಷ್ಟ್ರೀಯ ಕಂಪನಿಗಳ ಹಿಡಿತ ಬಿಗಿಯಾಗುತ್ತದೆ ಎಂಬುದು. ಆ ಆತಂಕ ನ್ಯಾಯವಾದದ್ದೆಂದು ನಾನು ಈಗಲೂ ನಂಬುತ್ತೇನೆ.

ಆದರೂ ಗೆಳೆಯರ ಜೊತೆ ಹೋದೆ. ಕಪ್ಪು ಬಾಣಲೆ ಸಮೇತ ಪಿಜ್ಜಾ ಮೇಜಿಗೆ ಬಂತು. ಎಣ್ಣೆ ಸವರಿದ ಬಾಣಲೆಯಲ್ಲಿ ಬೆಂದಿದ್ದರಿಂದ ತಳ ಕರಿದಂತೆ ಗರಿಗರಿ, ಒಳಗೆ ಮೆತ್ತಗೆ. ತುಂಡು ಎತ್ತಿದರೆ ಚೀಸ್ ಎಳೆ ಕಡಿಯದೆ ಬರುತ್ತಿತ್ತು. "ನೆಂಚಿಕೊಳ್ಳೋಕೆ ಏನೂ ಇಲ್ವೇನೋ?" ಎಂದ ಹಾಸನದ ಗೆಳೆಯ, ಒಣಮೆಣಸಿನ ತರಿ ಧಾರಾಳವಾಗಿ ಉದುರಿಸಿಕೊಂಡ.

ಓವನ್‌ನಲ್ಲಿ ಬೆಂದ ಹಿಟ್ಟು ನಮಗೆ ಹೊಸದಾಗಿರಲಿಲ್ಲ. ಅವನದೇ ಜಿಲ್ಲೆಯಿಂದ ಬಂದ ಅಯ್ಯಂಗಾರರ ಬೇಕರಿಗಳು ಖಾರಾ ಬನ್ನು, ದಿಲ್‌ಪಸಂದ್ ಕೊಟ್ಟು ಊರನ್ನು ಎಂದೋ ಪಳಗಿಸಿದ್ದವು. ಅಲ್ಲಿ ನಿಂತು ತಿಂದು ಹೊರಡುತ್ತಿದ್ದೆವು, ಇಲ್ಲಿ ಎ.ಸಿ.ಯಲ್ಲಿ ಕೂತು, ಒಂದನ್ನೇ ಹಂಚಿಕೊಂಡು ಹರಟಬಹುದಿತ್ತು. 1991ರ ಉದಾರೀಕರಣ ನನ್ನ ಓರಗೆಯವರಿಗೆ ಕೈಗೆ ಸಿಕ್ಕಿದ್ದು ಹೀಗೆ. ಮುಂದೆ ಎಷ್ಟೋ ಬೇಕರಿಗಳು ದಪ್ಪಮೆಣಸಿನಕಾಯಿ, ಚೀಸ್ ಹಾಕಿ ತಮ್ಮದೇ ಪಿಜ್ಜಾ ಮಾಡತೊಡಗಿದವು.