ಬಸವನಹುಳುವಿನ ನೆಲೆಯೂ ರೋಗದ ಇತಿಹಾಸವೂ: ಜಪಾನಿನ ಕೋಫು ಸೀಮೆಯ ಒಂದು ನಿದರ್ಶನ

ಒಂದು ನಾಡಿನ ಇತಿಹಾಸವನ್ನು ರಚಿಸುವವರು ಶಾಸನ, ಬಖೈರು, ಕಾವ್ಯ, ಐತಿಹ್ಯಗಳನ್ನು ಆಧಾರವಾಗಿ ಹಿಡಿಯುವುದು ವಾಡಿಕೆ. ಆದರೆ ಗದ್ದೆಯ ಬದುವಿನಲ್ಲಿ ಬಾಳುವ ಒಂದು ಕ್ಷುದ್ರ ಜಂತುವಿನ ನೆಲೆಯನ್ನು ಗುರುತಿಸಿದ ನಕ್ಷೆಯೂ ಆಧಾರವಾಗಬಲ್ಲುದೆಂಬುದಕ್ಕೆ ಜಪಾನ್ ದೇಶದ ಕೋಫು ಸೀಮೆಯ ಚರಿತ್ರೆ ಸಾಕ್ಷಿಯಾಗಿದೆ. ಅಲ್ಲಿ ಹಳೆಯ ಗ್ರಂಥದ ಒಂದು ಮಾತು, ಹೆಂಗಸರ ಹಾಡು, ವೈದ್ಯರ ಶೋಧನೆ, ಬಸವನಹುಳುವಿನ ನಕ್ಷೆ ಈ ನಾಲ್ಕೂ ಒಂದೇ ಸತ್ಯವನ್ನು ಬೇರೆಬೇರೆ ಕಾಲಗಳಲ್ಲಿ ನುಡಿದಿವೆ.

ಕೋಫು ಎಂಬುದು ಯಮನಾಶಿ ಪ್ರಾಂತದಲ್ಲಿ ಸುತ್ತಲೂ ಬೆಟ್ಟಗಳಿಂದ ಆವೃತವಾದ ಬಟ್ಟಲಿನಂತಹ ತಗ್ಗುಭೂಮಿ. ಕಮನಾಶಿ, ಫುಯೆಫುಕಿ ಎಂಬ ನದಿಗಳು ಈ ಭೂಮಿಗೆ ನೀರುಣಿಸುತ್ತವೆ. ಇಲ್ಲಿಯ ರೈತರಲ್ಲಿ ಬಹುಕಾಲದಿಂದ ಒಂದು ವ್ಯಾಧಿಯಿದ್ದಿತು. ಮೊದಲು ಕಾಲುಗಳಲ್ಲಿ ತುರಿಕೆ, ಬಳಿಕ ಜ್ವರ, ರಕ್ತಾತಿಸಾರ, ವರ್ಷಗಳು ಕಳೆದಂತೆ ಯಕೃತ್ತು ಗುಲ್ಮಗಳು ಬೆಳೆದು, ಮೈ ಬಡವಾಗಿ, ಹೊಟ್ಟೆ ಮಾತ್ರ ನೀರು ತುಂಬಿ ಉಬ್ಬುವುದು, ಕೊನೆಗೆ ಮರಣ. ನಮ್ಮ ವೈದ್ಯಗ್ರಂಥಗಳು ಜಲೋದರವೆಂದು ಕರೆಯುವ ಲಕ್ಷಣವಿದು. ಬೆಟ್ಟದ ಮೇಲಿನ ಊರುಗಳಲ್ಲಿ ಇದು ಕಾಣದೆ, ತಗ್ಗಿನ ಗದ್ದೆಬಯಲಿನಲ್ಲಿ ಮಾತ್ರ ಕಾಣುತ್ತಿದ್ದುದರಿಂದ ಜನರು ಇದನ್ನು ‘ಸ್ಥಳದ ರೋಗ’ ಎಂದೇ ಕರೆದರು. ರೋಗದ ಸ್ವರೂಪವನ್ನು ಅರಿಯದಿದ್ದರೂ ಅದರ ಎಲ್ಲೆಯನ್ನು ಅವರು ಅರಿತಿದ್ದರೆಂಬುದಕ್ಕೆ ಈ ಹೆಸರೇ ಪ್ರಮಾಣ.

ಈ ರೋಗದ ಪ್ರಾಚೀನತೆಗೆ ‘ಕೋಯೋ ಗುಂಕನ್’ ಎಂಬ ಯುದ್ಧವೃತ್ತಾಂತವನ್ನು ಉದಾಹರಿಸುವುದುಂಟು. 1582ರಲ್ಲಿ ತಕೆದ ವಂಶವು ಅಳಿಯುವ ಸಮಯದಲ್ಲಿ ಒಬಾತ ಮಸಮೊರಿ ಎಂಬ ಸಾಮಂತನು ಹೊಟ್ಟೆಯುಬ್ಬರದ ವ್ಯಾಧಿಯಿಂದ ಯುದ್ಧಕ್ಕೆ ಅಶಕ್ತನಾಗಿ, ಒಡೆಯನನ್ನು ಕಂಡು ಬೀಳ್ಕೊಂಡನೆಂದು ಅದು ತಿಳಿಸುತ್ತದೆ. ಹೊಟ್ಟೆಯುಬ್ಬರಕ್ಕೆ ಕಾರಣಗಳು ಅನೇಕ. ಆದುದರಿಂದ ಈ ವಾಕ್ಯವೊಂದರಿಂದಲೇ ರೋಗವನ್ನು ನಿರ್ಣಯಿಸುವುದು ಯುಕ್ತವಲ್ಲ. ಆದರೆ ಆ ಸಾಮಂತನು ಬಾಳಿದ ನೆಲವು ಮುಂದೆ ನಕ್ಷೆಯಲ್ಲಿ ಗುರುತಾದ ಸೀಮೆಯೇ ಆಗಿರುವುದರಿಂದ ಊಹೆಗೆ ಬಲವುಂಟಾಗುತ್ತದೆ.

ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಜನಪದದ ಹಾಡುಗಳಲ್ಲಿದೆ. ಇಂಥಿಂಥ ಊರಿಗೆ ಸೊಸೆಯಾಗಿ ಹೋಗೆನೆಂದು ಹೆಣ್ಣು ಮೊರೆಯಿಡುವ, ಹೋಗುವವಳು ತನ್ನ ಶವಸಂಸ್ಕಾರಕ್ಕೂ ಸಿದ್ಧಳಾಗಿ ಹೋಗಬೇಕೆಂಬ ಭಾವದ ಹಾಡುಗಳು ಕೋಫು ಸೀಮೆಯಲ್ಲಿ ಬಳಕೆಯಲ್ಲಿದ್ದುವು. ಅವುಗಳಲ್ಲಿ ಹೆಸರಾದುವು ರೋಗಪೀಡಿತವಾದ ಊರುಗಳೇ. ಗದ್ದೆಯ ಕೆಸರಿನಲ್ಲಿ ನಾಟಿ ಮಾಡಬೇಕಾಗಿದ್ದ ಸೊಸೆಗೆ ಆ ಊರಿನ ನೀರೇ ಮೃತ್ಯುವಾಗುತ್ತಿದ್ದುದರಿಂದ, ಈ ಹಾಡುಗಳನ್ನು ಕೇವಲ ಕರುಣರಸದ ರಚನೆಗಳೆಂದು ಎಣಿಸಲಾಗದು. ಕಾಗದದ ಮೇಲೆ ಬರೆಯದ ಮೊದಲ ನಕ್ಷೆ ಇವೇ ಎನ್ನಬಹುದು.

ಇದೇ ವ್ಯಾಧಿಯು ಪಶ್ಚಿಮದ ಹಿರೊಶಿಮ ಪ್ರಾಂತದ ಕಟಯಾಮ ಗುಡ್ಡದ ಸುತ್ತಲೂ ಇದ್ದಿತು. ಅಲ್ಲಿಯ ವೈದ್ಯ ಫುಜಿಯಿ ಯೊಶಿನಾವೊ 1847ರಲ್ಲಿ ‘ಕಟಯಾಮ ಕಿ’ ಎಂಬ ಲೇಖನವನ್ನು ಬರೆದು, ಗದ್ದೆಗಿಳಿದ ಮನುಷ್ಯರಿಗೂ ದನಗಳಿಗೂ ಕಾಲಿನಲ್ಲಿ ಗುಳ್ಳೆಗಳೇಳುವುದನ್ನೂ ಮುಂದಿನ ಅವಸ್ಥೆಗಳನ್ನೂ ವರ್ಣಿಸಿದನು. ಹಿಂದೆ ಅರಗಿನ ಮರದ ರಸವನ್ನು ಹೊತ್ತ ಹಡಗು ಅಲ್ಲಿ ಮುಳುಗಿದುದರಿಂದ ನೀರು ವಿಷವಾಯಿತೆಂಬ ಐತಿಹ್ಯವನ್ನೂ ಆತನು ದಾಖಲಿಸಿದ್ದಾನೆ. ಕಾರಣವು ಕಲ್ಪಿತ, ಆದರೆ ದೋಷವು ನೀರಿನಲ್ಲಿದೆ, ಅದು ಚರ್ಮವನ್ನು ಮುಟ್ಟುತ್ತದೆ ಎಂಬ ಅನುಭವವು ನಿಜವಾದುದು.

ಆಧುನಿಕ ಶೋಧನೆಯ ಆದಿಯಲ್ಲಿ ನಿಲ್ಲುವವಳು ಕೋಫುವಿನ ಒಬ್ಬ ರೈತಮಹಿಳೆ. ಸುಗಿಯಾಮ ನಾಕ ಎಂಬವಳು ಈ ರೋಗದಿಂದ ಸಾಯುವುದು ಖಚಿತವೆಂದು ತಿಳಿದಾಗ, ತನ್ನ ಮರಣಾನಂತರ ದೇಹವನ್ನು ಸೀಳಿ ಕಾರಣವನ್ನು ಕಂಡುಹಿಡಿಯಬೇಕೆಂದು ವೈದ್ಯರನ್ನು ಪ್ರಾರ್ಥಿಸಿದಳು. ಶವಚ್ಛೇದನವೆಂದರೆ ಜನರು ಅಂಜುತ್ತಿದ್ದ ಕಾಲವದು. 1897ರಲ್ಲಿ ಆಕೆಯ ಇಚ್ಛೆಯು ನೆರವೇರಿ, ಅಂಗಾಂಗಗಳಲ್ಲಿ ಅದುವರೆಗೆ ಅರಿಯದ ಪರೋಪಜೀವಿಯ ಮೊಟ್ಟೆಗಳು ಕಂಡುವು. ಮೊಟ್ಟೆಯಿಟ್ಟ ಹುಳು ಸಿಕ್ಕಿದ್ದು 1904ರಲ್ಲಿ: ಸ್ಥಳೀಯ ವೈದ್ಯ ಮಿಕಾಮಿ ಸಬುರೊನ ನೆರವಿನಿಂದ ಕತ್ಸುರದ ಫುಜಿರೊ ಅದನ್ನು ಕೋಫುವಿನ ಬೆಕ್ಕಿನ ದೇಹದಲ್ಲಿ ಕಂಡು, ‘ಶಿಸ್ಟೊಸೋಮ ಜಪಾನಿಕಮ್’ ಎಂದು ಹೆಸರಿಟ್ಟನು. ಯಕೃತ್ತಿಗೆ ರಕ್ತವನ್ನೊಯ್ಯುವ ಸಿರೆಯಲ್ಲಿ ಗಂಡು ಹೆಣ್ಣು ಜೋಡಿಯಾಗಿ ಬಾಳುವ ಹುಳುವಿದು.

ಹುಳುವು ದೇಹವನ್ನು ಸೇರುವ ದಾರಿ ಯಾವುದೆಂಬ ವಿಷಯದಲ್ಲಿ ವಾದ ಹುಟ್ಟಿತು. ಕುಡಿಯುವ ನೀರಿನಿಂದ ಬಾಯಿಯ ಮೂಲಕವೆಂದು ಕೆಲವರು, ಚರ್ಮದ ಮೂಲಕವೆಂದು ಕೆಲವರು ಹೇಳಿದರು. ನಿರ್ಣಯವು ಜೀವನಮರಣದ ಪ್ರಶ್ನೆಯಾಗಿದ್ದಿತು: ಮೊದಲನೆಯದು ನಿಜವಾದರೆ ನೀರನ್ನು ಕಾಯಿಸಿ ಕುಡಿದರೆ ಸಾಕು, ಎರಡನೆಯದು ನಿಜವಾದರೆ ಗದ್ದೆಯ ಕೆಲಸವೇ ಅಪಾಯ. 1909ರಲ್ಲಿ ಫುಜಿನಾಮಿ ಅಕಿರ ಮೊದಲಾದವರು ದನಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಬಾಯಿಗೆ ಮುಸುಕು ಕಟ್ಟಿ ನೀರಿಗಿಳಿಸಿದುವು ರೋಗಕ್ಕೀಡಾದುವು. ಮೈಗೆ ನೀರು ಸೋಕದಂತೆ ಕಾಪಾಡಿದುವು ಉಳಿದುವು. ರೈತರ ತುರಿಕೆಯ ಅನುಭವವೇ ಗೆದ್ದಿತು.

ಉಳಿದ ಒಂದು ಕೊಂಡಿಯನ್ನು 1913ರಲ್ಲಿ ಮಿಯಾಯಿರಿ ಕೇಯಿನೊಸುಕೆ ಮತ್ತು ಸುಜುಕಿ ಮಿನೊರು ಕ್ಯೂಶು ದ್ವೀಪದ ಸಾಗ ಪ್ರಾಂತದಲ್ಲಿ ಕಂಡುಹಿಡಿದರು. ಮಲದೊಡನೆ ನೀರನ್ನು ಸೇರಿದ ಮೊಟ್ಟೆಯೊಡೆದು ಹೊರಬಂದ ಮರಿಯು ನೇರವಾಗಿ ಮನುಷ್ಯನನ್ನು ಸೇರದು. ಒಂದು ಅಂಗುಲದ ಮೂರನೆಯ ಒಂದು ಪಾಲಿನಷ್ಟೂ ಉದ್ದವಿಲ್ಲದ ಕಂದುಬಣ್ಣದ ಬಸವನಹುಳುವನ್ನು ಹೊಕ್ಕು, ಅಲ್ಲಿ ವೃದ್ಧಿಯಾಗಿ, ಬಾಲವುಳ್ಳ ಅಸಂಖ್ಯ ಮರಿಗಳಾಗಿ ಹೊರಬಿದ್ದು ಚರ್ಮವನ್ನು ಭೇದಿಸುತ್ತದೆ. ಈ ಬಸವನಹುಳುವಿಗೆ ಜಪಾನಿನಲ್ಲಿ ಮಿಯಾಯಿರಿಯ ಹೆಸರೇ ನಿಂತಿತು.

ಇಲ್ಲಿಂದ ನಕ್ಷೆಯ ಅರ್ಥವೇ ಬದಲಾಯಿತು. ಅದುವರೆಗೆ ಗುರುತಿಸುತ್ತಿದ್ದುದು ರೋಗಿಗಳನ್ನು. ರೋಗಿಯ ಗುರುತು ಕಳೆದುಹೋದ ಅನಾಹುತದ ಗುರುತು. ಬಸವನಹುಳುವಿನ ಗುರುತು ಬರಲಿರುವ ಅನಾಹುತದ್ದು. ಈ ಪ್ರಾಣಿ ಆಳವಾದ ನೀರಿನಲ್ಲಿರದೆ ಕಾಲುವೆಯ ಒದ್ದೆಯಂಚಿನಲ್ಲಿಯೂ ಹುಲ್ಲಿನ ಬುಡದಲ್ಲಿಯೂ ವಾಸಿಸುವುದರಿಂದ, ಊರಿಗೊಂದು ಚುಕ್ಕೆಯಿಟ್ಟರೆ ಸಾಲದು. ಕಾಲುವೆ ಕಾಲುವೆಯನ್ನೂ ನೋಡಬೇಕಾಯಿತು. ಕೋಫುವಿನ ಜನರು, ಮಕ್ಕಳೊಡಗೂಡಿ, ಊಟದ ಕಡ್ಡಿಗಳಿಂದ ಈ ಹುಳುಗಳನ್ನು ಹೆಕ್ಕಿದರು. 1917ರಲ್ಲಿ ಮಕ್ಕಳಿಗಾಗಿ ಸಚಿತ್ರ ಪುಸ್ತಿಕೆಯೊಂದು ಹೊರಟಿತು. ಸುಣ್ಣವನ್ನು ಚೆಲ್ಲಿದರು; ಉಳುಮೆಗೆ ದನದ ಬದಲು ಈ ರೋಗಕ್ಕೆ ಸುಲಭವಾಗಿ ತುತ್ತಾಗದ ಕುದುರೆಯನ್ನು ಬಳಸಿದರು; ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ಕಾಲುವೆಗಳಿಗೆ ಸಿಮೆಂಟಿನ ಒಡ್ಡು ಕಟ್ಟಿದರು; ಬತ್ತದ ಗದ್ದೆಗಳು ಹಣ್ಣಿನ ತೋಟಗಳಾದುವು. 1996ರಲ್ಲಿ ಯಮನಾಶಿ ಪ್ರಾಂತವು ರೋಗದ ಅಂತ್ಯವನ್ನು ಘೋಷಿಸಿತು.

ಆದರೆ ಒಂದು ದೇಶದ ನಕ್ಷೆ ಇನ್ನೊಂದಕ್ಕೆ ಸಲ್ಲದು. ಜಪಾನೀಯರ ಶೋಧನೆಯನ್ನು ಅರಿತಿದ್ದ ಲೈಪರ್ 1915ರಲ್ಲಿ ಈಜಿಪ್ಟಿನಲ್ಲಿ ಅರಸಿದಾಗ, ಅಲ್ಲಿಯ ಅದೇ ಕುಲದ ಹುಳುಗಳಿಗೆ ಆಶ್ರಯವಿತ್ತುದು ನೀರಿನಲ್ಲಿಯೇ ಬಾಳುವ ಬೇರೆ ಜಾತಿಯ ಬಸವನಹುಳುಗಳು. ಭಾರತದಲ್ಲಿ 1952ರಲ್ಲಿ, ಕೊಂಕಣದ ರತ್ನಾಗಿರಿ ಜಿಲ್ಲೆಯ ಗಿಮ್ವಿ ಎಂಬ ಹಳ್ಳಿಯಲ್ಲಿ ರಕ್ತಮೂತ್ರವನ್ನುಂಟುಮಾಡುವ ಜಾತಿಯು ಬೆಳಕಿಗೆ ಬಂದಿತು. ಗಾಡಗೀಳ ಮತ್ತು ಶಹಾ ಎಂಬ ಶೋಧಕರು ಅಲ್ಲಿ ಆಶ್ರಯವೆಂದು ವರದಿ ಮಾಡಿದುದು ಆಫ್ರಿಕದಲ್ಲಿ ಪ್ರಸಿದ್ಧವಾದ ಬಸವನಹುಳುವನ್ನಲ್ಲ, ‘ಫೆರಿಸ್ಸಿಯ ಟೆನುಯಿಸ್’ ಎಂಬ ಬೇರೊಂದನ್ನು. ಕನ್ನಡನಾಡಿನ ಕೆರೆಕುಂಟೆಗಳಲ್ಲಿಯೂ ಕಾಣುವ ಚಪ್ಪಟೆಸುರುಳಿಯ ‘ಇಂಡೊಪ್ಲನಾರ್ಬಿಸ್’ ಎಂಬುದಾದರೋ, ದನಗಳು ಗೊರಕೆಯಂತೆ ಉಸಿರಾಡುವ ಮೂಗಿನ ರೋಗದ ಹುಳುವಿಗೆ ಆಶ್ರಯ. ಆಯಾ ನೀರನ್ನು ಆಯಾ ನೆಲದವರೇ ನೋಡಿ ಬರೆಯಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ.

2000ದಲ್ಲಿ ಕ್ಯೂಶುವಿನ ಚಿಕುಗೊ ನದೀತೀರದಲ್ಲಿ ರೋಗದ ಅಂತ್ಯವು ಘೋಷಿತವಾದಾಗ, ಕುರುಮೆಯ ಜನರು ಒಂದು ಶಿಲೆಯನ್ನು ನೆಟ್ಟರು. ಅದು ವಿಜಯಸ್ತಂಭವಲ್ಲ, ಮನುಷ್ಯರ ಉಳಿವಿಗಾಗಿ ನಾಶಹೊಂದಿದ ಬಸವನಹುಳುಗಳ ಶಾಂತಿಗಾಗಿ ನಿಲ್ಲಿಸಿದ ಸ್ಮಾರಕ. ಸೊಸೆಯರ ಹಾಡಿನಿಂದ ಮೊದಲಾದ ಈ ಇತಿಹಾಸವು ಹೀಗೆ ಒಂದು ಶಿಲಾಶಾಸನದಲ್ಲಿ ಮುಗಿದಿದೆ. ಜನರ ಬಾಯಲ್ಲಿ ಉಳಿದ ಊರಿನ ಹೆಸರು, ವ್ಯಾಧಿಯ ಹೆಸರು, ಮದುವೆಯ ಹಾಡುಗಳನ್ನು ಸಂಗ್ರಹಿಸುವವರು, ಅವು ಹುಟ್ಟಿದ ನೀರು ನೆಲಗಳನ್ನೂ ಜೊತೆಯಲ್ಲಿ ಬರೆದಿಡುವುದು ಅವಶ್ಯ. ಇವೆರಡನ್ನೂ ಬೇರ್ಪಡಿಸಿದರೆ ಎರಡರ ಅರ್ಥವೂ ಲೋಪವಾಗುತ್ತದೆ.