‘ಬಟ್’: ಹೊರಗಿನಿಂದ ಒಳಬಂದ ಪದ

‘ಬರ್ತೀನಿ ಅಂದಿದ್ದ, ಬಟ್ ಬರಲೇ ಇಲ್ಲ.’ ಬೆಂಗಳೂರಿನ ಬಸ್ಸಿನಲ್ಲಿ ಈ ಬಗೆಯ ಮಾತು ಕಿವಿಗೆ ಬೀಳದ ದಿನವಿಲ್ಲ. ‘ಆದರೆ’ ಕೂರುತ್ತಿದ್ದ ಜಾಗದಲ್ಲಿ ‘ಬಟ್’ ಬಂದು ಕೂತಿದೆ. ಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದೂ ಹಾಗೆಯೇ: ಬಟ್ ಅಂದರೆ ಆದರೆ. ಅಲ್ಲಿಗೆ ಆ ಪದದ ಪಾಠ ಮುಗಿಯಿತು.

ಇಂಗ್ಲಿಷ್ ಪುಸ್ತಕ ಕೈಗೆತ್ತಿಕೊಂಡರೆ ಆ ಪಾಠ ಸಾಲದೆಂಬುದು ಬೇಗ ಗೊತ್ತಾಗುತ್ತದೆ. ‘ಆಲ್ ಬಟ್ ಮಿ’ ಎಂದರೆ ನನ್ನೊಬ್ಬನನ್ನು ಬಿಟ್ಟು ಉಳಿದವರೆಲ್ಲ. ‘ಹಿ ಈಸ್ ಬಟ್ ಎ ಚೈಲ್ಡ್’ ಎಂದರೆ ಅವನಿನ್ನೂ ಮಗು, ಅಷ್ಟೇ. ‘ಹಿ ಆಲ್ ಬಟ್ ಫೆಲ್’ ಎಂದರೆ ಬೀಳುವುದೊಂದು ಬಾಕಿ. ‘ದ ಲಾಸ್ಟ್ ಬಟ್ ಒನ್’ ಎಂದರೆ ಕೊನೆಯಿಂದ ಎರಡನೆಯದು. ಇವುಗಳಲ್ಲಿ ಎಲ್ಲಿಯೂ ‘ಆದರೆ’ ಹೊಂದದು. ಒಂದೇ ಪದ ಇಷ್ಟು ವೇಷ ಹಾಕುವುದು ಹೇಗೆ ಎಂದು ಹುಡುಕುತ್ತ ಹೋದರೆ ನಾವು ತಲುಪುವುದು ಒಂದು ಮನೆಯ ಹೊಸ್ತಿಲಿಗೆ.

ಸುಮಾರು ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಈ ಪದದ ರೂಪ ‘ಬೂಟನ್’. ‘ಬಿ’ ಎಂದರೆ ಬಳಿ, ‘ಊಟನ್’ ಎಂದರೆ ಹೊರಗಿನಿಂದ. ಈಗಿನ ‘ಔಟ್’ ಇದರ ರಕ್ತಸಂಬಂಧಿ. ಎರಡೂ ಕೂಡಿದ ಬೂಟನ್‌ಗೆ ‘ಹೊರಗೆ’ ಎಂಬುದೇ ಮೂಲ ಅರ್ಥ. ಡಚ್ಚರು ಮನೆಯಿಂದ ಹೊರಗೆ ಎನ್ನಲು ಇಂದಿಗೂ ಇದರ ಒಡಹುಟ್ಟಿದ ಪದವನ್ನೇ ಬಳಸುತ್ತಾರೆ. ಸ್ಕಾಟ್ಲೆಂಡಿನಲ್ಲಂತೂ ಇದು ಗೋಡೆ ಬಾಗಿಲುಗಳ ನಡುವೆಯೇ ಉಳಿದುಕೊಂಡಿತು. ಅಲ್ಲಿನ ಬಡವರ ಎರಡು ಕೋಣೆಯ ಮನೆಗೆ ‘ಬಟ್ ಅಂಡ್ ಬೆನ್’ ಎಂದು ಹೆಸರು. ಹೊರಬಾಗಿಲಿನಿಂದ ಕಾಲಿಟ್ಟೊಡನೆ ಸಿಗುವ, ಅಡುಗೆಯೂ ನಡೆಯುವ ಹೊರಕೋಣೆ ‘ಬಟ್’. ಅದನ್ನು ದಾಟಿ ಹೋಗುವ ಒಳಕೋಣೆ ‘ಬೆನ್’. ವ್ಯಾಕರಣದ ಪುಸ್ತಕದಲ್ಲಿ ಒಣಗಿ ಕೂತಿರುವ ಪದವೊಂದು ಅಲ್ಲಿ ಒಲೆಯ ಹೊಗೆಯ ನಡುವೆ ಬಾಳಿತು ಎಂಬುದನ್ನು ತಿಳಿದಾಗ ನನಗಾದ ಸಂತೋಷ ಸಣ್ಣದಲ್ಲ. ಅದೇ ನಾಡಿನ ಚಾಟನ್ ಬಣದವರ ಲಾಂಛನದ ಮೇಲಿರುವ ಮಾತಿನ ತಾತ್ಪರ್ಯ, ಕೈಗವಸಿಲ್ಲದೆ ಬೆಕ್ಕನ್ನು ಮುಟ್ಟಬೇಡ ಎಂದು. ಆ ‘ಇಲ್ಲದೆ’ಯ ಜಾಗದಲ್ಲಿರುವುದೂ ಇದೇ ಪದ.

‘ಅಬೌಟ್’ ಎಂಬ ಪದದ ಹೊಟ್ಟೆಯೊಳಗೂ ಬಟ್ ಇದೆ. ‘ಆನ್’ ಮತ್ತು ‘ಬೂಟನ್’ ಸೇರಿ ಆದದ್ದು ಅದು. ಹೊರಗಡೆ ಎಂಬುದು ಸುತ್ತಮುತ್ತ ಎಂದಾಯಿತು, ಸುತ್ತಮುತ್ತ ಎಂಬುದು ಕುರಿತು ಎಂದಾಯಿತು.

ಹೊರಗೆ ಎಂಬುದರಿಂದ ಬಿಟ್ಟು ಎಂಬುದಕ್ಕೆ ಒಂದೇ ಹೆಜ್ಜೆ. ಗುಂಪೊಂದರ ಸುತ್ತ ಗೆರೆ ಎಳೆದು ಒಬ್ಬನನ್ನು ಅದರ ಹೊರಗೆ ನಿಲ್ಲಿಸಿದರೆ ಅವನ ‘ಹೊರತು’ ಉಳಿದವರು ಒಳಗೆ. ಇಲ್ಲಿಯವರೆಗೆ ಬಟ್ ಒಂದು ಪ್ರಿಪೊಸಿಷನ್. ಅದರ ಹಿಂದೆ ಒಂದು ನಾಮಪದ, ಇಲ್ಲವೇ ಒಂದು ಸರ್ವನಾಮ. ಮುಂದಿನ ಹೆಜ್ಜೆಯಲ್ಲಿ ಗೆರೆಯ ಹೊರಗೆ ನಿಂತದ್ದು ಮನುಷ್ಯನಲ್ಲ, ಇಡೀ ವಾಕ್ಯ. ಎಲ್ಲವೂ ಸರಿಯಾಗಿತ್ತು, ಇದೊಂದನ್ನು ಬಿಟ್ಟರೆ: ಅವನು ಬರಲಿಲ್ಲ. ಹೀಗೆ ವಾಕ್ಯವನ್ನೇ ಹೊರಗಿಡುವ ಕೆಲಸ ಹಿಡಿದ ಮೇಲೆ ಬಟ್ ಸಂಯೋಜಕವಾಯಿತು, ಅಂದರೆ ಕಂಜಂಕ್ಷನ್. ಆ ಪೀಠದಲ್ಲಿ ಮೊದಲು ‘ಆಕ್’ ಎಂಬ ಬೇರೊಂದು ಪದವಿತ್ತು. ಹಳೆಯ ಇಂಗ್ಲಿಷಿನಲ್ಲಿ ನಮ್ಮ ‘ಆದರೆ’ಯ ಕೆಲಸ ಮಾಡುತ್ತಿದ್ದುದು ಅದೇ. ನಡುಗಾಲದ ಇಂಗ್ಲಿಷಿನಲ್ಲಿ ಅದು ಮರೆಯಾಯಿತು, ಬಟ್ ಆ ಪೀಠವನ್ನೇರಿತು.

‘ಅಷ್ಟೇ’ ಎಂಬ ಅರ್ಥ ಬಂದದ್ದು ಮತ್ತೊಂದು ದಾರಿಯಲ್ಲಿ. ಮೊದಲು ವಾಕ್ಯದಲ್ಲಿ ‘ಇಲ್ಲ’ ಎಂಬುದೂ ಇರುತ್ತಿತ್ತು: ಅವನು ಮಗುವಿನ ಹೊರತು ಬೇರೇನೂ ಅಲ್ಲ. ಕಾಲ ಕಳೆದಂತೆ ಆ ನಿಷೇಧ ಉದುರಿಹೋಯಿತು, ಅದರ ಭಾರವನ್ನೆಲ್ಲ ಬಟ್ ಒಂದೇ ಹೊತ್ತುಕೊಂಡಿತು. ಹಳೆಯ ಶೈಲಿಯ ಇಂಗ್ಲಿಷಿನಲ್ಲಿ ಇದು ಸರ್ವನಾಮದ ಕೆಲಸಕ್ಕೂ ನಿಲ್ಲುತ್ತದೆ. ‘ದೇರ್ ಈಸ್ ನೋ ಒನ್ ಬಟ್ ನೋಸ್ ಇಟ್’ ಎಂದರೆ ಅದನ್ನು ತಿಳಿಯದವರು ಒಬ್ಬರೂ ಇಲ್ಲ ಎಂದು. ‘ಯಾರು’ ಮತ್ತು ‘ಅಲ್ಲ’ ಎರಡೂ ಆ ಪುಟ್ಟ ಪದದೊಳಗಿವೆ. 17ನೆಯ ಶತಮಾನದ ಕೊನೆಯಲ್ಲಿ ಮನುಷ್ಯನ ಅರಿವಿನ ಬಗ್ಗೆ ದೊಡ್ಡ ಗ್ರಂಥ ಬರೆದ ಜಾನ್ ಲಾಕ್, ಅದರ ಮೂರನೆಯ ಭಾಗದಲ್ಲಿ ಅವ್ಯಯಗಳಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟು, ಉದಾಹರಣೆಗೆ ಆರಿಸಿಕೊಂಡದ್ದು ಬಟ್ ಅನ್ನೇ. ಇಂಥ ಪದವನ್ನು ಬೇರೆ ಭಾಷೆಯ ಒಂದು ಪದದಿಂದ ವಿವರಿಸಿಬಿಟ್ಟರೆ ಸಾಲದು, ಅದನ್ನಾಡುವಾಗ ಮನಸ್ಸು ಯಾವ ಕಡೆ ತಿರುಗುತ್ತದೆ ಎಂಬುದನ್ನು ಗಮನಿಸಬೇಕು ಎಂಬುದು ಅವನ ನಿಲುವು. ನಮ್ಮ ಶಾಲೆಯ ‘ಬಟ್ ಅಂದರೆ ಆದರೆ’ಗೆ ಇದಕ್ಕಿಂತ ಸರಿಯಾದ ಉತ್ತರ ಬೇಕಿಲ್ಲ.

ಈಗ ತಕರಾರಿನ ಮಾತು. ‘ಎಲ್ಲರೂ ಹೋದರು, ಅವನೊಬ್ಬನನ್ನು ಬಿಟ್ಟು’ ಎನ್ನುವಾಗ ಇಂಗ್ಲಿಷಿನಲ್ಲಿ ‘ಬಟ್ ಹಿ’ ಎನ್ನಬೇಕೋ ‘ಬಟ್ ಹಿಮ್’ ಎನ್ನಬೇಕೋ? ಬಟ್ ಪ್ರಿಪೊಸಿಷನ್ ಆಗಿದ್ದರೆ ‘ಹಿಮ್’ ಬೇಕು. ಸಂಯೋಜಕವಾಗಿದ್ದರೆ, ಅದರ ಹಿಂದೆ ‘ಅವನು ಹೋಗಲಿಲ್ಲ’ ಎಂಬ ವಾಕ್ಯ ಅಡಗಿದೆ ಎಂದಿಟ್ಟುಕೊಂಡು ‘ಹಿ’ ಎನ್ನಬೇಕು. ‘ಬಟ್ ಜಾನ್’ ಎಂದಿದ್ದರೆ ಜಗಳವೇ ಹುಟ್ಟುತ್ತಿರಲಿಲ್ಲ. ಇಂಗ್ಲಿಷಿನ ನಾಮಪದಗಳು ಕರ್ತೃ ಕರ್ಮಗಳನ್ನು ಬೇರೆಮಾಡುವ ವಿಭಕ್ತಿಯನ್ನು ಕಳೆದುಕೊಂಡು ಶತಮಾನಗಳೇ ಆದವು. ಜಾನ್ ಹೊಡೆದರೂ ಜಾನ್, ಹೊಡೆಸಿಕೊಂಡರೂ ಜಾನ್. ಆ ಹಳೆಯ ವಿಭಕ್ತಿ ಇನ್ನೂ ಉಸಿರಾಡುತ್ತಿರುವುದು ಬೆರಳೆಣಿಕೆಯ ಸರ್ವನಾಮಗಳಲ್ಲಿ ಮಾತ್ರ: ಐ-ಮಿ, ಹಿ-ಹಿಮ್, ಶಿ-ಹರ್, ವಿ-ಅಸ್, ದೇ-ದೆಮ್, ಹೂ-ಹೂಮ್. ಹಾಗಾಗಿ ಬಟ್ ಈಗ ಯಾವ ಕೆಲಸದಲ್ಲಿದೆ ಎಂಬುದು ಅದರ ಪಕ್ಕಕ್ಕೆ ಸರ್ವನಾಮ ಬಂದು ನಿಂತಾಗಲೇ ಬಯಲಾಗುತ್ತದೆ. ಬಟ್‌ನ ಪಾಲಿಗೆ ಸರ್ವನಾಮವೇ ಒರೆಗಲ್ಲು.

1798ರ ನೈಲ್ ಕದನದಲ್ಲಿ ಉರಿಯುವ ಹಡಗಿನ ಮೇಲೆ ಒಬ್ಬನೇ ಉಳಿದ ಹುಡುಗನ ಕುರಿತು ಫೆಲಿಷಿಯಾ ಹೆಮನ್ಸ್ 1826ರಲ್ಲಿ ಬರೆದ ‘ಕಾಸಾಬಿಯಾಂಕಾ’ ಕವಿತೆ ನಮ್ಮ ಹಿರಿಯರಲ್ಲಿ ಎಷ್ಟೋ ಜನರಿಗೆ ಬಾಯಿಪಾಠ. ಅದರ ಎರಡನೆಯ ಸಾಲಿನಲ್ಲಿಯೇ ಬಟ್‌ನ ಬೆನ್ನಿಗೆ ‘ಹಿ’ ಬರುತ್ತದೆ, ‘ಹಿಮ್’ ಅಲ್ಲ. ಅಲ್ಲಿ ಆ ಹುಡುಗ ಕ್ರಿಯಾಪದಕ್ಕಿಂತ ಮುಂಚೆ, ಕರ್ತೃವಿನ ಮಗ್ಗುಲಲ್ಲೇ ನಿಂತಿದ್ದಾನೆ. ಇಂಥ ಜಾಗದಲ್ಲಿ ‘ಹಿ’, ವಾಕ್ಯದ ಕೊನೆಯಲ್ಲಾದರೆ ‘ಹಿಮ್’ ಎಂದು ರಾಜಿಮಾಡಿಸುವ ಕೈಪಿಡಿಗಳುಂಟು. ಇಂದಿನ ಆಡುಮಾತು ಎರಡೂ ಕಡೆ ‘ಹಿಮ್’ ಎಂದೇ ಸಾಗುತ್ತದೆ, ಅದು ತಪ್ಪೆಂದು ನಾನು ಹೇಳಲಾರೆ. ಇಂಥದೇ ಜಗಳ ‘ದ್ಯಾನ್’ ಎಂಬುದಕ್ಕೂ ಇದೆ. 1762ರಲ್ಲಿ ಇಂಗ್ಲಿಷ್ ವ್ಯಾಕರಣ ಬರೆದ ರಾಬರ್ಟ್ ಲೌತ್, ಉಳಿದ ವಾಕ್ಯವನ್ನು ಮನಸ್ಸಿನಲ್ಲಿ ತುಂಬಿಸಿಕೊಂಡು ಸರ್ವನಾಮದ ರೂಪವನ್ನು ಗೊತ್ತುಮಾಡಬೇಕು ಎಂದ. ಆ ಪಾಠ ಇಂದಿಗೂ ಶಾಲೆಗಳಲ್ಲಿ ನಡೆಯುತ್ತಿದೆ.

ಬಟ್‌ನ ಹಿಂದೆ ಇಡೀ ಪ್ರಿಪೊಸಿಷನ್ ಕಟ್ಟು ಬಂದರೆ ಈ ತೊಂದರೆಯಿಲ್ಲ. ‘ನೋವೇರ್ ಬಟ್ ಇನ್ ಮೈಸೂರು’, ಅಂದರೆ ಮೈಸೂರಿನಲ್ಲಲ್ಲದೆ ಮತ್ತೆಲ್ಲೂ ಇಲ್ಲ. ‘ಬಟ್ ಫಾರ್ ಹಿಮ್’, ಅಂದರೆ ಅವನೊಬ್ಬ ಇಲ್ಲದಿದ್ದರೆ. ಇಲ್ಲಿ ಸರ್ವನಾಮವನ್ನು ಆಳುವುದು ‘ಫಾರ್’, ಆದ್ದರಿಂದ ಯಾವಾಗಲೂ ‘ಹಿಮ್’. ಒಂದು ಹಾನಿಗೆ ಕಾರಣ ಯಾವುದೆಂದು ನ್ಯಾಯಾಲಯಗಳು ಹುಡುಕುವಾಗ ಕೇಳುವ ಪ್ರಶ್ನೆಗೆ ಇದೇ ಮಾತು ಹೆಸರಾಗಿದೆ: ಆ ಕೃತ್ಯ ಇಲ್ಲದಿದ್ದರೆ ಈ ಹಾನಿ ಆಗುತ್ತಿತ್ತೇ?

ನ್ಯಾಯಾಲಯ ಎಂದಾಗ ಒಬ್ಬ ಮನುಷ್ಯನನ್ನು ನೆನೆಯಲೇಬೇಕು. 1775ರಲ್ಲಿ ಅಮೆರಿಕದ ಲೆಕ್ಸಿಂಗ್ಟನ್ ಮತ್ತು ಕಾಂಕರ್ಡ್‌ಗಳಲ್ಲಿ ಇಂಗ್ಲಿಷ್ ದೊರೆಯ ಪಡೆಯ ಗುಂಡಿಗೆ ಸತ್ತವರ ಮನೆಯವರಿಗಾಗಿ ಹಣ ಕೂಡಿಸಿದ ಜಾನ್ ಹಾರ್ನ್, ಆ ಸಾವುಗಳನ್ನು ಕೊಲೆ ಎಂದು ಕರೆದು ಪತ್ರಿಕೆಗಳಲ್ಲಿ ಪ್ರಕಟಣೆ ಹಾಕಿಸಿದ. ಅದಕ್ಕಾಗಿ 1777ರಲ್ಲಿ ಅವನ ವಿಚಾರಣೆಯಾಗಿ ಒಂದು ವರ್ಷ ಸೆರೆವಾಸ, 200 ಪೌಂಡ್ ದಂಡ ಬಿತ್ತು. ಆರೋಪಪತ್ರದ ‘ಆಫ್’ ಮತ್ತು ‘ಕನ್ಸರ್ನಿಂಗ್’ ಎಂಬ ಎರಡು ಪದಗಳಿಗೆ ಎಷ್ಟು ಬಲವಿದೆ, ಹಳೆಯ ತೀರ್ಪೊಂದರ ‘ದ್ಯಾಟ್’ ಎಂಬುದಕ್ಕೆ ಏನರ್ಥ ಎಂಬುದರ ಸುತ್ತ ವಾದ ಸುತ್ತಿತು. ಎರಡು ಪ್ರಿಪೊಸಿಷನ್ನು, ಒಂದು ಕಂಜಂಕ್ಷನ್ನು ಸೇರಿ ತನ್ನನ್ನು ಬಲಿ ತೆಗೆದುಕೊಂಡವು ಎಂದು ಆತ ನೊಂದ. 1778ರಲ್ಲಿ ಜಾನ್ ಡನ್ನಿಂಗ್ ಎಂಬ ವಕೀಲನಿಗೆ ಆತ ಬರೆದು ಅಚ್ಚುಹಾಕಿಸಿದ ಪತ್ರ ಈ ಪುಟ್ಟ ಪದಗಳ ವ್ಯಾಕರಣವನ್ನೇ ಕುರಿತದ್ದು. ಮುಂದೆ ಹಾರ್ನ್ ಟೂಕ್ ಎಂದು ಹೆಸರು ಬದಲಿಸಿಕೊಂಡು, ಆ ಪತ್ರವನ್ನೇ ಬೆಳೆಸಿ 1786ರಲ್ಲಿ ‘ದ ಡೈವರ್ಷನ್ಸ್ ಆಫ್ ಪರ್ಲಿ’ ಗ್ರಂಥವನ್ನು ಹೊರತಂದ.

ಈ ಪುಟ್ಟ ಪದಗಳಿಗೂ ಒಂದು ಕಾಲದಲ್ಲಿ ತುಂಬಿದ ಅರ್ಥವಿತ್ತು, ಅವು ಸವೆದ ನಾಮಪದ ಕ್ರಿಯಾಪದಗಳು ಎಂಬುದು ಅವನ ಹಟ. ಸಂಯೋಜಕ ‘ದ್ಯಾಟ್’ ಮೂಲದಲ್ಲಿ ‘ಅದು’ ಎಂಬ ಸರ್ವನಾಮವೇ ಎಂದ, ಸರಿಯಾಗಿಯೇ ಹೇಳಿದ. ಬಟ್ ಎಂಬುದು ಒಂದಲ್ಲ, ಬೇರೆಬೇರೆ ಬೇರಿನ ಎರಡು ಪದಗಳು ಕೂಡಿಕೊಂಡದ್ದು ಎಂದೂ ಹೇಳಿದ: ಒಂದಕ್ಕೆ ‘ಮೇಲೆ ಕೂಡಿಸು’ ಎಂಬರ್ಥ, ಇನ್ನೊಂದಕ್ಕೆ ‘ಹೊರಗಿರು’ ಎಂಬರ್ಥ. ಮೊದಲನೆಯದನ್ನು ಮುಂದಿನ ವಿದ್ವಾಂಸರು ತಳ್ಳಿಹಾಕಿದರು. ಎರಡನೆಯದು ಹೆಚ್ಚುಕಡಿಮೆ ಗುರಿ ಮುಟ್ಟಿದ ಊಹೆ. ಅವನ ನಿರುಕ್ತಿಗಳಲ್ಲಿ ತಪ್ಪುಗಳು ಬೇಕಾದಷ್ಟಿವೆ, ಆದರೂ ಈ ಪದಗಳನ್ನು ಕಸವೆಂದು ಗುಡಿಸದೆ ಕೈಗೆತ್ತಿಕೊಂಡು ನೋಡಿದವರಲ್ಲಿ ಆತ ದೊಡ್ಡವನು.

ಇನ್ನು ನಮ್ಮ ಮನೆಗೆ ಬರೋಣ. ಹಳಗನ್ನಡದ ‘ಪೊಱ’ ಎಂಬುದು, ಪಾಲು ಹಾಲಾದಂತೆ, ಪೂ ಹೂವಾದಂತೆ, ‘ಹೊರ’ ಆಯಿತು. ಹೊರಗು, ಹೊರಗೆ, ಹೊರಡು ಎಂಬ ಬಳಗದ ಜೊತೆಗೇ ‘ಹೊರತು’ ಇದೆ. ಅದು ನಡೆದ ದಾರಿ ನೋಡಿ. ‘ನನ್ನ ಹೊರತು ಅವಳಿಗೆ ಯಾರೂ ಇಲ್ಲ’: ಇದು ಪ್ರಿಪೊಸಿಷನ್ ಆದ ಬಟ್. ‘ಹಣ ಕೊಟ್ಟ ಹೊರತು ಬಿಡುವುದಿಲ್ಲ’: ಹಳೆಯ ಇಂಗ್ಲಿಷಿನ ಬೂಟನ್‌ಗೂ ಈ ಅರ್ಥವಿತ್ತು. ‘ಅದು ಕಥೆಯೇ ಹೊರತು ಚರಿತ್ರೆಯಲ್ಲ’: ಇಲ್ಲಿ ಹೊರತು ಸಂಯೋಜಕ. ಎರಡು ಭಾಷೆಗಳು, ಒಂದನ್ನೊಂದು ಕಂಡರಿಯದ ಕಾಲದಲ್ಲಿ, ‘ಹೊರಗೆ’ ಎಂಬ ಒಂದೇ ಬಾಗಿಲಿನಿಂದ ಹೊರಟು ಒಂದೇ ಹಾದಿ ತುಳಿದಿವೆ.

ಸರ್ವನಾಮದ ಒರೆಗಲ್ಲು ಇಲ್ಲಿಯೂ ಕೆಲಸ ಮಾಡುತ್ತದೆ. ‘ಅವನ ಹೊರತು ಯಾರೂ ಬರಲಿಲ್ಲ’ ಎನ್ನುವಾಗ ಷಷ್ಠಿ ವಿಭಕ್ತಿ. ‘ಬಂದದ್ದು ಅವನೇ ಹೊರತು ನಾನಲ್ಲ’ ಎನ್ನುವಾಗ ಪ್ರಥಮಾ. ಒಂದನ್ನು ಇನ್ನೊಂದರ ಜಾಗಕ್ಕೆ ತಂದರೆ ಕನ್ನಡದ ಕಿವಿ ಒಪ್ಪುವುದಿಲ್ಲ. ಇಂಗ್ಲಿಷಿನವರು ಹಿ, ಹಿಮ್ ಎಂದು ಶತಮಾನಗಳಿಂದ ಎಳೆದಾಡುತ್ತಿರುವುದನ್ನು ನಾವು ಪ್ರಶ್ನೆಯೆಂದೂ ಗಮನಿಸದೆ ಆಡಿಬಿಡುತ್ತೇವೆ. ನಮ್ಮಲ್ಲಿ ಸರ್ವನಾಮಕ್ಕಷ್ಟೇ ಅಲ್ಲ, ರಾಮನಿಗೂ ಮರಕ್ಕೂ ವಿಭಕ್ತಿ ಉಳಿದಿರುವುದರಿಂದ ಈ ತಿಳಿವು ಮಾತಿನಲ್ಲೇ ಬೆರೆತಿದೆ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಗಳಿಗೆ ಒಂದು ಪ್ರಕರಣವನ್ನೇ ಕೊಟ್ಟಿದ್ದಾನೆ. ವ್ಯಯವಿಲ್ಲದ್ದು, ರೂಪ ಬದಲಿಸದ್ದು ಅವ್ಯಯ. ತಾನು ಬದಲಾಗದೆ ಪಕ್ಕದವರನ್ನು ಬದಲಾಯಿಸುವುದು ಹೊರತುವಿನ ಗುಣ, ಬಟ್‌ನ ಗುಣವೂ ಅದೇ.

ಹೊರತು ಏರದ ಮೆಟ್ಟಿಲು ಒಂದಿದೆ. ‘ಬರ್ತೀನಿ ಅಂದಿದ್ದ, ಹೊರತು ಬರಲಿಲ್ಲ’ ಎಂದು ಕನ್ನಡಿಗರು ಹೇಳುವುದಿಲ್ಲ. ಆ ಪೀಠದಲ್ಲಿ ‘ಆದರೆ’ ಇದೆ: ಆಗು ಎಂಬ ಧಾತುವಿನಿಂದ ಬಂದದ್ದು, ‘ಒಂದು ವೇಳೆ ಆದಲ್ಲಿ’ ಎಂಬುದು ಅದರ ಮೂಲ ಅರ್ಥ. ‘ಮಳೆ ಆದರೆ ಬಿತ್ತನೆ’ ಎನ್ನುವಾಗ ಅದು ಇನ್ನೂ ತನ್ನ ಹಳೆಯ ಬಟ್ಟೆಯಲ್ಲೇ ಇದೆ.

ಇಂಗ್ಲಿಷಿನಿಂದ ಕನ್ನಡಕ್ಕೆ ತರುವವರಲ್ಲಿ ನನ್ನದೊಂದು ಕೋರಿಕೆ. ಬಟ್ ಕಣ್ಣಿಗೆ ಬಿದ್ದೊಡನೆ ‘ಆದರೆ’ ಬರೆಯಬೇಡಿ. ಅದರ ಹಿಂದೆ ನಿಂತಿರುವ ಪದವನ್ನು ನೋಡಿ. ಅದು ಒಂಟಿ ಸರ್ವನಾಮವಾಗಿದ್ದರೆ, ಮೊದಲು ‘ಹೊರತು’ ಎಂದು ಓದಿಕೊಳ್ಳಿ.